ಅಣುಗಾತ್ರದ ಅಯಸ್ಕಾಂತವೂ ನಮ್ಮ ಗಡಿನಾಡಿನ ಶಾಲೆಗಳೂ

ಕೇಂದ್ರ ಸರಕಾರವು 2023ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ರಾಷ್ಟ್ರೀಯ ಕ್ವಾಂಟಮ್ ಮಿಶನ್ನಿಗೆ 6,003.65 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಅದರ ಗಣಕಯಂತ್ರ ವಿಭಾಗದ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತಿರುವದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ವಾಚಕರು ‘ಇದರಿಂದ ನಮಗೇನು?’ ಎಂದು ಕೇಳಿದರೆ ಆ ಪ್ರಶ್ನೆಯು ಅನುಚಿತವಲ್ಲ. ಅದಕ್ಕೆ ಉತ್ತರ ಕೊಡುವದು ಪತ್ರಿಕೆಯ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಗಣಕಯಂತ್ರವು ಸೊನ್ನೆ, ಒಂದು ಎಂಬ ಎರಡೇ ಅಂಕಗಳಿಂದ ಲೆಕ್ಕ ಮಾಡುವದು. ಕ್ವಾಂಟಮ್ ಯಂತ್ರದ ಮೂಲ ಘಟಕವಾದರೋ ಇವೆರಡೂ ಬೆರೆತ ಸ್ಥಿತಿಯಲ್ಲಿರಬಲ್ಲದು. ಅಂಥ ಘಟಕವನ್ನು ಯಾವ ವಸ್ತುವಿನಿಂದ ಕಟ್ಟಬೇಕೆಂಬದೇ ಇಂದಿನ ಸ್ಪರ್ಧೆ. ಅಯಸ್ಕಾಂತಗುಣದ ಅಣುಗಳಿಂದ ಕಟ್ಟುವದು ಅದರಲ್ಲಿ ಒಂದು ಮಾರ್ಗ. ಹನ್ನೆರಡು ಮ್ಯಾಂಗನೀಸ್ ಪರಮಾಣುಗಳುಳ್ಳ ಒಂದು ಅಣುವು ತಾನೊಂದೇ ಸೂಜಿಗಲ್ಲಿನಂತೆ ವರ್ತಿಸುವದೆಂದು ಇಟಲಿಯ ರೋಬೆರ್ತಾ ಸೆಸ್ಸೋಲಿ, ದಾಂತೆ ಗಾತ್ತೆಸ್ಕಿ ಮೊದಲಾದವರು 1993ರಲ್ಲಿ ತೋರಿಸಿದರು. ಇಂಥ ಅಣುಗಳಿಂದ ಗಣಿತ ಮಾಡಿಸಬಹುದೆಂದು ಸ್ವಿಟ್ಜರ್ಲೆಂಡಿನ ಲಾಯನ್‌ಬರ್ಗರ್, ಲಾಸ್ ಎಂಬ ಶಾಸ್ತ್ರಜ್ಞರು 2001ರಲ್ಲಿ ಸೂಚಿಸಿದರು. ಭಾರತದಲ್ಲಿಯೇ ಹುಟ್ಟಿದ ಲವ್ ಗ್ರೋವರ್ 1996ರಲ್ಲಿ ಕಂಡುಹಿಡಿದ ಶೋಧನಕ್ರಮವನ್ನು 2017ರಲ್ಲಿ ಟರ್ಬಿಯಮ್ ಪರಮಾಣುವುಳ್ಳ ಒಂದೇ ಒಂದು ಅಣುವಿನಲ್ಲಿ ನಡೆಸಿ ತೋರಿಸಲಾಯಿತು.

ನಮ್ಮವರೂ ಕೈಕಟ್ಟಿ ಕುಳಿತಿರಲಿಲ್ಲ. ಆ ಮ್ಯಾಂಗನೀಸ್ ಅಣುವಿನ ಎಂಟು ಪರಮಾಣುಗಳಿಗೆ ತಲಾ ಐದು, ಉಳಿದ ನಾಲ್ಕಕ್ಕೆ ತಲಾ ನಾಲ್ಕು ಸ್ಥಿತಿಗಳುಂಟು. ಎಲ್ಲವನ್ನೂ ಗುಣಿಸಿದರೆ ಸರಿಯಾಗಿ ಹತ್ತು ಕೋಟಿ! ಈ ಕಗ್ಗಂಟಿನ ಲೆಕ್ಕವನ್ನು ಬೆಂಗಳೂರಿನ ಅದೇ ಸಂಸ್ಥೆಯ ಎಸ್. ರಾಮಶೇಷ, ದೀಪ್ತಿಮಾನ್ ಸೇನ್ ಹಾಗೂ ಅವರ ಸಂಗಡಿಗರು 2001ರಲ್ಲಿಯೇ ಬಿಡಿಸಿ ಪ್ರಕಟಿಸಿದ್ದಾರೆ.

ಅಣುವಿನ ಹಿರಿಮೆ ಏನು? ಅಥಣಿಯ ಕುಶಲ ಕೈಗಳು ಹೊಲಿದ ಚಪ್ಪಲಿಗಳಲ್ಲಿಯೂ ಒಂದು ಜೋಡಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟಾದರೂ ಭೇದವಿರುವದು. ಕೊರೆದು ಮಾಡಿದ ವಿದ್ಯುನ್ಮಂಡಲಗಳಿಗೂ ಇದೇ ತೊಡಕು. ರಸಾಯನಕ್ರಿಯೆಯಿಂದ ಹುಟ್ಟಿದ ಅಣುಗಳಾದರೋ ಕೋಟಿ ಕೋಟಿಯಾದರೂ ಒಂದೇ ಅಚ್ಚು. ಅಡಚಣೆಗಳೂ ಸಣ್ಣವಲ್ಲ. ಇವುಗಳಲ್ಲಿ ಹೆಚ್ಚಿನವು ಕಡುಶೈತ್ಯದಲ್ಲಿ ಮಾತ್ರ ಕೆಲಸ ಮಾಡುವವು. ಸುತ್ತಲಿನ ಅಲ್ಪ ಕ್ಷೋಭೆಗೂ ಆ ಬೆರೆತ ಸ್ಥಿತಿಯು ಕೆಟ್ಟುಹೋಗುವದು. ಬಳಕೆಗೆ ಬರುವ ಯಂತ್ರವು ಈ ಮಾರ್ಗದಿಂದ ಇನ್ನೂ ಸಿದ್ಧವಾಗಿಲ್ಲ.

ಬಾಗಿಲು ಇನ್ನೂ ತೆರೆದಿದೆಯೆಂಬದೇ ಇದರ ತಾತ್ಪರ್ಯ. ಈ ವಿದ್ಯೆಯ ಬೇರು ರಸಾಯನಶಾಸ್ತ್ರದಲ್ಲಿದೆ. ಆ ಶಾಸ್ತ್ರದ ಮೊದಲ ಪಾಠವು ತಾಲೂಕಿನ ಶಾಲೆಯಲ್ಲಿಯೇ ಆಗತಕ್ಕದ್ದು. ಗಡಿನಾಡಿನ ಬಾಲಕ ಬಾಲಿಕೆಯರಿಗೆ ಅದನ್ನು ತಿಳಿಗನ್ನಡದಲ್ಲಿ ಹೇಳಿಕೊಡುವ ಪುಸ್ತಕಗಳು ಬರಲಿ. ಪ್ರಯೋಗಶಾಲೆಯ ಬೀಗವು ತಪಾಸಣೆಯ ದಿನ ಮಾತ್ರ ತೆಗೆಯುವಂಥದಾಗದಿರಲಿ. ಶಿಕ್ಷಣಾಧಿಕಾರಿಗಳೂ ಊರ ಹಿರಿಯರೂ ಇಷ್ಟನ್ನು ನಡೆಸಿಕೊಟ್ಟರೆ ಬೆಂಗಳೂರಿಗೆ ಬಂದ ಕೋಟಿಗಳಲ್ಲಿ ಕೃಷ್ಣಾತೀರದ ಮಕ್ಕಳಿಗೂ ಪಾಲು ದೊರೆಯುವದು. ಇಲ್ಲವಾದರೆ ಯಂತ್ರವು ನಮ್ಮ ನಾಡಿನಲ್ಲಿಯೇ ಕಟ್ಟಲ್ಪಟ್ಟರೂ ನಮ್ಮ ಮಕ್ಕಳು ಅದರ ಪ್ರೇಕ್ಷಕರಾಗಿಯೇ ಉಳಿಯುವರು.