ನಾಣ್ಯದ ಮೇಲೊಂದು ಹಾಳೂರು

ಹಂಪಿಯ ಕಲ್ಲಿನ ರಥ ಹೊಸ ಐವತ್ತರ ನೋಟಿನ ಮೇಲೆ ಬಂದದ್ದು 2017ರಲ್ಲಿ. ಹೊಸಪೇಟೆ–ಹಂಪಿ ದಾರಿಯ ಮಲಪನಗುಡಿಯಂಥ ಊರಿನವರಿಗೆ, ದಿನಾ ಕಾಣುವ ಕಲ್ಲು ದೇಶದವರ ಜೇಬಿಗೆಲ್ಲ ಸೇರಿದಂತಾಯಿತು. ಇಂಥದೇ ಕೆಲಸವನ್ನು ಜಿಂಬಾಬ್ವೆ 1980ರಲ್ಲೇ ಮಾಡಿತ್ತು. ಸ್ವತಂತ್ರವಾದ ವರ್ಷವೇ ಹೊರಡಿಸಿದ ಒಂದು ಡಾಲರ್ ನಾಣ್ಯದ ಮೇಲೆ ಅದು ಗ್ರೇಟ್ ಜಿಂಬಾಬ್ವೆಯ ಪಾಳು ಗೋಡೆಗಳನ್ನು ಅಚ್ಚೊತ್ತಿತು. ಆ ಹಾಳೂರೂ ನಮ್ಮ ಹಂಪಿಯೂ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಒಂದೇ ವರ್ಷ, 1986ರಲ್ಲಿ.

ಗಾರೆಯಿಲ್ಲದೆ ಗ್ರಾನೈಟ್ ಕಲ್ಲು ಪೇರಿಸಿ ಎಬ್ಬಿಸಿದ ಗೋಡೆಗಳವು. ಕೆಲವೆಡೆ 11 ಮೀಟರ್ ಎತ್ತರ. ಇವನ್ನು ಆಫ್ರಿಕನ್ನರು ಕಟ್ಟಿರಲಾರರು ಎಂದು ವಸಾಹತಿನ ಬಿಳಿಯರು ಬಹುಕಾಲ ವಾದಿಸಿದರು. ಪುರಾತತ್ತ್ವಜ್ಞೆ ಗರ್ಟ್ರೂಡ್ ಕೇಟನ್-ಥಾಂಪ್ಸನ್ 1929ರಲ್ಲಿ ಅಗೆದು ನೋಡಿ, ಇದು ಸ್ಥಳೀಯರದೇ ಕೆಲಸವೆಂದು ತೋರಿಸಿದ ಮೇಲೂ ಹಲವರು ಹಟ ಬಿಡಲಿಲ್ಲ. ಹೊಸ ದೇಶ ತನ್ನ ಹೆಸರನ್ನೇ ಆ ಹಾಳೂರಿನಿಂದ ತೆಗೆದುಕೊಂಡಿತು. ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿಯನ್ನು ತನ್ನ ನಾಣ್ಯಗಳ ಮೇಲೆ ಕೂರಿಸಿತು. ಅಷ್ಟು ವರ್ಷಗಳ ಅವಮಾನಕ್ಕೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿರಲಿಲ್ಲ ಎನಿಸುತ್ತದೆ ನನಗೆ.

ಸ್ವಾತಂತ್ರ್ಯಾನಂತರದ ಆಫ್ರಿಕದ ನಾಣ್ಯ ಸಂಗ್ರಹಕ್ಕೆ ಇಳಿದವರನ್ನು ಹಿಡಿದಿಡುವುದು ಇಂಥ ಕಥೆಗಳು. ಚಿನ್ನ, ಬೆಳ್ಳಿಯ ಸ್ಮಾರಕ ನಾಣ್ಯಗಳಿಗೆ ಇಲ್ಲಿ ಮಹತ್ವವಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಕೈಯಿಂದ ಕೈಗೆ ದಾಟಿ ಸವೆದ ಚಿಲ್ಲರೆಯೇ ಬೇಕು.

ಕೆನ್ಯಾದ ಒಂದು ಶಿಲ್ಲಿಂಗ್‌ಗಳನ್ನೇ ಸಾಲಾಗಿ ಜೋಡಿಸಿ ನೋಡಿ. 1966ರದರಲ್ಲಿ ಆಗಿನ ಅಧ್ಯಕ್ಷ ಜೊಮೊ ಕೆನ್ಯಾಟ ಅವರ ಮುಖ. 1980ರಿಂದ ಮುಂದಿನ ಅಧ್ಯಕ್ಷ ಡೇನಿಯಲ್ ಅರಪ್ ಮೊಯ್. 2005ರಲ್ಲಿ ಮತ್ತೆ ಕೆನ್ಯಾಟ. 2010ರ ಸಂವಿಧಾನ ನೋಟು, ನಾಣ್ಯಗಳ ಮೇಲೆ ಯಾವ ವ್ಯಕ್ತಿಯ ಭಾವಚಿತ್ರವೂ ಕೂಡದೆಂದಿತು. ಹಾಗಾಗಿ 2018ರ ಶಿಲ್ಲಿಂಗ್‌ಗೆ ಬಂದದ್ದು ಜಿರಾಫೆ! ಐದಕ್ಕೆ ಘೇಂಡಾಮೃಗ, ಹತ್ತಕ್ಕೆ ಸಿಂಹ, ಇಪ್ಪತ್ತಕ್ಕೆ ಆನೆ. ಘಾನಾದ 1958ರ ನಾಣ್ಯಗಳಲ್ಲಿದ್ದ ಕ್ವಾಮೆ ಎನ್‌ಕ್ರುಮಾ ಅವರನ್ನು 1966ರಲ್ಲಿ ಸೇನೆ ಅಧಿಕಾರದಿಂದ ಇಳಿಸಿತು. ಮರುವರ್ಷದ ನಾಣ್ಯಗಳಲ್ಲಿ ಅವರ ಮುಖವಿಲ್ಲ, ಡೋಲು ಮತ್ತು ಕೋಕೋ ಇವೆ.

ಇದು ನಮಗೆ ತೀರಾ ದೂರದ ಸಂಗತಿಯೂ ಅಲ್ಲ. ಕೆನ್ಯಾ ಭಾಗದಲ್ಲಿ 1920ರವರೆಗೆ ಓಡಾಡಿದ್ದು ರೂಪಾಯಿ. ಮಾರಿಷಸ್‌ನಲ್ಲಿ ಇಂದಿಗೂ ಅದೇ ಹೆಸರು.

ಹಂಪಿ ಸೀಮೆಯಲ್ಲಿ ನಾಣ್ಯವೆಂದರೆ ಮೊದಲು ನೆನಪಾಗುವುದು ವಿಜಯನಗರದ ವರಹ, ಹಣ. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕ್ ಅವುಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ. ಆದರೆ ಹೊಲ ಉಳುವಾಗ ಅಂಥದ್ದು ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು. ಕೊಳ್ಳಲು ಹೋದರೆ ನಕಲಿಯ ಕಾಟ. ಆಫ್ರಿಕದ ಮಾಮೂಲಿ ಚಿಲ್ಲರೆಗೆ ಈ ತಂಟೆ ಕಡಿಮೆ, ಬೆಲೆಯೂ ಶಾಲೆಯ ಮಕ್ಕಳ ಕೈಗೆಟಕುವಂಥದ್ದು. ವಿದೇಶಿ ಹಣ ಬದಲಿಸುವ ಅಂಗಡಿಗಳು ಸಾಮಾನ್ಯವಾಗಿ ನೋಟು ತೆಗೆದುಕೊಳ್ಳುತ್ತವೆ, ನಾಣ್ಯವನ್ನಲ್ಲ. ಪ್ರವಾಸಿಗರ ಚೀಲದ ತಳದಲ್ಲಿ ಉಳಿಯುವ ಆ ಚಿಲ್ಲರೆಯನ್ನು ಕೇಳಿ ಪಡೆಯಬಹುದು.

ಸಿಕ್ಕ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹೊಳಪು ಬಂದರೂ ಅದರ ವಯಸ್ಸು ಅಳಿಸಿಹೋಗುತ್ತದೆ. ಮೆತ್ತನೆಯ ಪಿವಿಸಿ ಚೀಲದಲ್ಲಿಟ್ಟರೆ ಹಸಿರು ಅಂಟು ಹಿಡಿಯುತ್ತದೆ. ಚಿಕ್ಕ ಕಾಗದದ ಲಕೋಟೆ ಸಾಕು, ಅದರ ಮೇಲೆ ದೇಶ, ಇಸವಿ, ಯಾರು ಕೊಟ್ಟರೆಂಬುದನ್ನು ಬರೆಯಿರಿ. ಇಥಿಯೋಪಿಯದ್ದಾದರೆ ಮಾತ್ರ ಸ್ವಲ್ಪ ತಾಳಿ. ಅಲ್ಲಿನ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ಅವರ ಅಂಕಿಗಳಲ್ಲಿ 1969 ಎಂದಿರುವ ಸಿಂಹದ ನಾಣ್ಯ ನಮ್ಮ ಲೆಕ್ಕದಲ್ಲಿ 1977ರದು.