ಮೂವತ್ತಕ್ಕೇ ಎದೆಯ ಚಿಂತೆ ಏಕೆ?

ನಮ್ಮ ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳೆಯರಿಗೆ 36 ವರ್ಷ. ಹೋದ ಮಳೆಗಾಲದ ಒಂದು ಮಧ್ಯಾಹ್ನ ಅವರು ಎದೆಯನ್ನು ಒತ್ತಿ ಹಿಡಿದುಕೊಂಡು, “ಬೆಳಿಗ್ಗೆ ತಿಂದ ವಡೆ ಅರಗಿಲ್ಲವೆಂದು ತೋರುತ್ತದೆ” ಎಂದರು. ಮೈ ಬೆವರಿತ್ತು, ಸೆಕೆಯೆಂದುಕೊಂಡೆವು. ಕ್ಯಾಂಟೀನಿನಿಂದ ಸೋಡಾ ತರಿಸಿಕೊಟ್ಟವರು ನಾವೇ. ಅರ್ಧ ದಿನದ ರಜೆ ಬರೆದಿಟ್ಟು ಲೋಕಲ್ ಹಿಡಿದು ಹೊರಟವರು ಡೊಂಬಿವಲಿಯ ಮನೆಯನ್ನು ಮುಟ್ಟಲಿಲ್ಲ. ಅವರ ಮಗಳು ಆಗ ಎರಡನೆಯ ಇಯತ್ತೆಯಲ್ಲಿದ್ದಳು.

ನಾವು ವೈದ್ಯರಲ್ಲ, ಬಿ.ಎ. ಓದಿದ ಗುಮಾಸ್ತರು. ಆದರೂ ಆ ಬಳಿಕ ವೈದ್ಯರನ್ನು ಕೇಳಿ, ನಾಲ್ಕು ಕಡೆ ಓದಿ ತಿಳಿದುಕೊಂಡುದನ್ನು ನಮ್ಮಂತೆಯೇ ಊರು ಬಿಟ್ಟು ಬಂದು ಸಂಸಾರ ಹೂಡಿರುವವರ ಮುಂದೆ ಇಡಬೇಕೆನಿಸಿತು.

ಹೃದ್ರೋಗವು ಮುದುಕರ ರೋಗವೆಂಬುದು ನಮ್ಮೆಲ್ಲರ ಎಣಿಕೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿಯೇ ತೀರಿಕೊಂಡಾಗ ಎಲ್ಲರೂ ಕೆಲವು ದಿನ ಎದೆ ಮುಟ್ಟಿ ನೋಡಿಕೊಂಡೆವು, ಆಮೇಲೆ ಮರೆತೆವು. ಆದರೆ ಈ ರೋಗದ ಬೀಜ ಬಿದ್ದಿರುವುದು ಎಷ್ಟು ಮೊದಲು! ಕೊರಿಯಾ ಯುದ್ಧದಲ್ಲಿ ಮಡಿದ 300 ಮಂದಿ ಅಮೆರಿಕನ್ ಸೈನಿಕರ ಹೃದಯಗಳನ್ನು ವೈದ್ಯರು ಪರೀಕ್ಷಿಸಿದರು. ಅವರ ಸರಾಸರಿ ವಯಸ್ಸು 22. ಅಂಥ ಗಟ್ಟಿಮುಟ್ಟಾದ ತರುಣರಲ್ಲಿಯೂ ನೂರಕ್ಕೆ 77 ಮಂದಿಯ ಹೃದಯದ ರಕ್ತನಾಳಗಳಲ್ಲಿ ರೋಗದ ಗುರುತು ಆಗಲೇ ಮೂಡಿತ್ತೆಂದು 1953ರಲ್ಲಿ ಪ್ರಕಟಿಸಿದರು. ನಾಳದ ಒಳಗೋಡೆಯಲ್ಲಿ ಕೊಬ್ಬು ವರ್ಷಗಟ್ಟಲೆ ಸದ್ದಿಲ್ಲದೆ ಕೂಡುತ್ತದೆ. ಒಂದು ದಿನ ಅದು ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಅದೇ ಹೃದಯಾಘಾತ.

ನಮ್ಮ ದೇಶದವರಿಗೆ ಇದು ಇನ್ನೂ ಬೇಗ. ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ ವೈದ್ಯ ಕಲಿತ ಡಾ. ಸಲೀಂ ಯೂಸುಫ್ ಅವರು ಕೆನಡಾದಲ್ಲಿದ್ದು ನಡೆಸಿದ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನವು 52 ದೇಶಗಳ ಸುಮಾರು 30,000 ಮಂದಿಯನ್ನು ಪರಿಶೀಲಿಸಿತು. ಮೊದಲ ಹೃದಯಾಘಾತದ ನಡುವಯಸ್ಸು ಭಾರತ ಮತ್ತು ನೆರೆನಾಡುಗಳಲ್ಲಿ 53, ಉಳಿದೆಡೆ 59 ಎಂದು ಅದರಿಂದ ತಿಳಿದುಬಂತು. ಆದರೆ ಧೈರ್ಯದ ಮಾತೂ ಅದರಲ್ಲಿಯೇ ಇದೆ. 2004ರಲ್ಲಿ ಹೊರಬಂದ ಅದರ ವರದಿಯಂತೆ, ಈ ಅಪಾಯದ ಹತ್ತರಲ್ಲಿ ಒಂಬತ್ತು ಪಾಲಿಗೆ ಕಾರಣ ಒಂಬತ್ತೇ ಸಂಗತಿಗಳು: ತಂಬಾಕು, ರಕ್ತದ ಕೊಬ್ಬು, ರಕ್ತದೊತ್ತಡ, ಸಕ್ಕರೆ ರೋಗ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ಮೈಚಲನೆಯ ಕೊರತೆ ಮುಂತಾದವು. ಹೆಚ್ಚಿನವು ನಮ್ಮ ಕೈಯಲ್ಲಿಯೇ ಇರುವಂಥವು.

ಕುರ್ಚಿಗೆ ಅಂಟಿದ ನಮ್ಮಂಥವರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಕಥೆಯನ್ನು ಕೇಳಬೇಕು. ಅಲ್ಲಿ ಡಾ. ಜೆರ್ರಿ ಮಾರಿಸ್ ಎಂಬವರು ಕುಳಿತೇ ಇರುವ ಚಾಲಕರನ್ನೂ ದಿನವಿಡೀ ಮೆಟ್ಟಲು ಹತ್ತಿ ಇಳಿಯುವ ಕಂಡಕ್ಟರರನ್ನೂ ಹೋಲಿಸಿ ನೋಡಿ 1953ರಲ್ಲಿ ವರದಿ ಕೊಟ್ಟರು. ಕಂಡಕ್ಟರರಲ್ಲಿ ಹೃದ್ರೋಗ ಕಡಿಮೆಯಿತ್ತು. ನಡೆದಾಡುವ ಪೋಸ್ಟ್‌ಮ್ಯಾನರನ್ನು ಸರಕಾರಿ ಗುಮಾಸ್ತರೊಡನೆ ಹೋಲಿಸಿದಾಗಲೂ ಗೆದ್ದವರು ಪೋಸ್ಟ್‌ಮ್ಯಾನರೇ.

ಗೆಳೆಯರ ಹದಿಮೂರನೆಯ ದಿನ ಕಳೆದ ಮೇಲೆ ನಾವೂ ನಮ್ಮ ಮನೆಯಾಕೆಯೂ ಪರೀಕ್ಷೆ ಮಾಡಿಸಿಕೊಂಡೆವು. ನಮ್ಮ ವಯಸ್ಸು 34, ರಕ್ತದೊತ್ತಡ 150/96! ತಲೆನೋವಿಲ್ಲ, ತಲೆಸುತ್ತಿಲ್ಲ, ಯಾವ ಸೂಚನೆಯೂ ಇರಲಿಲ್ಲ. ವೈದ್ಯರು ಒಂದು ಮಾತ್ರೆ ಬರೆದುಕೊಟ್ಟು, ತಾವು ಹೇಳದೆ ನಿಲ್ಲಿಸಕೂಡದೆಂದರು. ಜೊತೆಗೆ ಮನೆಯ ರೀತಿಯನ್ನೂ ತಿದ್ದಿಕೊಳ್ಳಿರೆಂದರು.

ಮೊದಲು ಉಪ್ಪು. ಒಬ್ಬರಿಗೆ ಇಡೀ ದಿನಕ್ಕೆ 5 ಗ್ರಾಂ, ಎಂದರೆ ಒಂದು ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ. ಊರಿನಿಂದ ಬರುವ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಮಿಡಿ ಉಪ್ಪಿನಕಾಯಿಗಳ ಡಬ್ಬಿಯಲ್ಲಿ ತಾಯಿಯ ಕೈರುಚಿಯಿದೆ, ನಿಜ, ಉಪ್ಪೂ ಇದೆ. ದಿನವೂ ಹಾಕಿಕೊಳ್ಳುತ್ತಿದ್ದುದನ್ನು ಹಬ್ಬಹುಣ್ಣಿಮೆಗೆ ಮೀಸಲಿಟ್ಟಿದ್ದೇವೆ. ತಟ್ಟೆಯಲ್ಲಿ ಅನ್ನ ಕಡಿಮೆಯಾಗಿ ಪಲ್ಯ, ಕೋಸಂಬರಿ ಹೆಚ್ಚಾಗಿವೆ. ಸಂಜೆಯ ವಡಾಪಾವಿನ ಬದಲು ಒಂದು ಹಿಡಿ ಶೇಂಗಾ, ಒಂದು ಬಾಳೆಹಣ್ಣು. ಸ್ಟೇಷನ್ನಿನಿಂದ ರಿಕ್ಷಾ ಬಿಟ್ಟು ನಡೆಯುತ್ತೇವೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು. ಮೂರನೆಯ ಮಹಡಿಯ ಕಚೇರಿಗೆ ಮೆಟ್ಟಲೇ ಗತಿ! ತಂಬಾಕಿನ ವಿಷಯದಲ್ಲಂತೂ ‘ಸ್ವಲ್ಪ’ ಎಂಬ ಮಾತೇ ಇಲ್ಲ; ಬೀಡಿ, ಸಿಗರೇಟು, ಗುಟಕಾ ಯಾವುದೇ ಆಗಲಿ, ಪೂರ್ತಿ ಬಿಡಬೇಕು.

ಇನ್ನು ಪರೀಕ್ಷೆಯ ಮಾತು. ರಕ್ತದೊತ್ತಡ ಮತ್ತು ಸಕ್ಕರೆಯನ್ನು ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ನೋಡಿಸಬೇಕು. ರಕ್ತದ ಕೊಬ್ಬನ್ನು 18ನೆಯ ವಯಸ್ಸಿಗೇ ಒಮ್ಮೆ ಅಳೆಸಿರೆಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಸಲಹೆ ಮಾಡಿದೆ. ತಂದೆ-ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಎಳೆವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಸೊಂಟದ ಸುತ್ತಳತೆಗಂತೂ ಮನೆಯ ಟೇಪು ಸಾಕು: ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಮೀರಬಾರದು.

ಕೊನೆಯದಾಗಿ, ನಾವು ತಪ್ಪಿದ್ದನ್ನು ನೀವು ತಪ್ಪಬೇಡಿರಿ. ಎದೆಯಲ್ಲಿ ಬಿಗಿತ ಅಥವಾ ಉರಿ, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆಯ ಬೆವರು, ಏದುಸಿರು—ಇವು ಕಂಡರೆ ಸೋಡಾ ಬೇಡ, ಲೋಕಲ್ ಗಾಡಿಯೂ ಬೇಡ. ಹೆಂಗಸರಲ್ಲಿ ಬರಿಯ ಸುಸ್ತು, ವಾಕರಿಕೆಯ ರೂಪದಲ್ಲಿಯೂ ಬರುವುದುಂಟು. ರೋಗಿಯನ್ನು ನಡೆಸದೆ ಕೂರಿಸಿ, 108ಕ್ಕೆ ಫೋನು ಮಾಡಿ, ಇ.ಸಿ.ಜಿ. ಇರುವ ಆಸ್ಪತ್ರೆಗೆ ಸಾಗಿಸಿರಿ. ಮುಚ್ಚಿದ ನಾಳವನ್ನು ಎಷ್ಟು ಬೇಗ ತೆರೆದರೆ ಹೃದಯದ ಸ್ನಾಯು ಅಷ್ಟು ಉಳಿಯುತ್ತದೆ. ವಾಯುವೆಂದು ತಿಳಿದುಬಂದರೆ ನಕ್ಕು ಮನೆಗೆ ಬರಬಹುದು.

ಪ್ರತಿ ರವಿವಾರ ನಾವು ಊರಿಗೆ ಫೋನು ಮಾಡಿ, “ಅಪ್ಪಾ, ಬಿ.ಪಿ. ಎಷ್ಟಿದೆ?” ಎಂದು ವಿಚಾರಿಸುತ್ತೇವೆ. “ನಿಂದೆಷ್ಟಪ್ಪಾ?” ಎಂದು ಅವರು ತಿರುಗಿ ಕೇಳಿದರೆ ಹೇಳಲು ನಮ್ಮಲ್ಲಿ ಎಷ್ಟು ಮಂದಿಗೆ ಉತ್ತರವಿದೆ? ಬರುವ ರವಿವಾರದೊಳಗೆ ಆ ಉತ್ತರವನ್ನು ತಿಳಿದುಕೊಳ್ಳೋಣ.