ಕಿವಿ ಮುಂದಿರಲಿ, ಸಿಟ್ಟು ಹಿಂದಿರಲಿ

‘ಸಿಟ್ಟು ನೆತ್ತಿಗೇರಿತು’ ಎಂದು ನಮ್ಮ ಮನಗೂಳಿ ಕಡೆ ಹೇಳುತ್ತಾರೆ. ಸಿಟ್ಟು ಬಂದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಹೆಚ್ಚುತ್ತದೆ, ರಕ್ತದೊತ್ತಡ ಏರುತ್ತದೆ. ದೇಹ ಜಗಳಕ್ಕೆ ಸಜ್ಜಾಗುತ್ತದೆ, ವಿಚಾರಕ್ಕಲ್ಲ.

ಇದನ್ನು ಪಾಠ ಹೇಳುವ ನಾನೇ ಒಮ್ಮೆ ಎಡವಿದೆ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಬಹುದೇ ಎಂಬ ಚರ್ಚೆ ತರಗತಿಯಲ್ಲಿ ನಡೆದಿತ್ತು. ಮಾಡಬಾರದೆಂದು ಹುಡುಗನೊಬ್ಬ ಹಟ ಹಿಡಿದ. ‘ತಲೆಯಲ್ಲಿ ಮಣ್ಣು ತುಂಬಿದೆಯೇನು?’ ಎಂದು ಗದರಿದೆ. ಅವನು ಕುಳಿತುಬಿಟ್ಟ. ವಾದದಲ್ಲಿ ಗೆದ್ದೆ. ಆದರೆ ಆ ವರ್ಷ ಅವನು ಮತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬೈಬಲಿನಲ್ಲಿ ಯಾಕೋಬನ ಪತ್ರಿಕೆ ಇದಕ್ಕೊಂದು ಕ್ರಮ ಹೇಳುತ್ತದೆ. ಅದರ ತಾತ್ಪರ್ಯ ಇಷ್ಟು: ಕಿವಿ ಮುಂದಿರಲಿ, ನಾಲಗೆ ಹಿಂದಿರಲಿ, ಸಿಟ್ಟು ಎಲ್ಲಕ್ಕಿಂತ ಹಿಂದಿರಲಿ. ಹಾಗೆಂದು ಸುಮ್ಮನಿರಬೇಕೆಂದಲ್ಲ. ಯೋಹಾನನ ಸುವಾರ್ತೆಯಲ್ಲಿ, ವಿಚಾರಣೆಯ ವೇಳೆ ಓಲೇಕಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆಯುತ್ತಾನೆ. ಯೇಸು ತಿರುಗಿ ಬೈಯುವುದಿಲ್ಲ. ತಾನಾಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಹೊಡೆದದ್ದೇಕೆ ಎಂದು ಕೇಳುತ್ತಾನೆ. ಸಿಟ್ಟು ತಡೆಯುವುದೆಂದರೆ ಸತ್ಯವನ್ನು ನುಂಗಿಕೊಳ್ಳುವುದಲ್ಲ.

ಕೇಳಿಸಿಕೊಳ್ಳುವ ಗುಣಕ್ಕೆ ನಮ್ಮ ನಾಡಿನಲ್ಲೇ ಒಂದು ಉದಾಹರಣೆಯಿದೆ. ಬಾಸೆಲ್ ಮಿಷನ್ನಿನ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಂದವರು. ಬಂದದ್ದು ಧರ್ಮಪ್ರಚಾರಕ್ಕೆ; ಆದರೆ ಕನ್ನಡಿಗರ ಮಾತಿಗೆ ಕಿವಿಗೊಟ್ಟರು. ಜೈನ ವಿದ್ವಾಂಸ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಸಂಪಾದಿಸಿದರು. 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂತು. ತಮ್ಮ ಮತ ಬಿಡದೆಯೂ ಇನ್ನೊಬ್ಬರ ನುಡಿಯನ್ನು ಗೌರವಿಸಿದವರು ಅವರು. ನೆರೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು 12ನೇ ಶತಮಾನದಲ್ಲೇ ಕೋಪ ಸಲ್ಲದೆಂದು ವಚನದಲ್ಲಿ ಹೇಳಿದ್ದೂ ನಮಗೆ ಗೊತ್ತಿದ್ದದ್ದೇ.

ವಿದ್ಯಾರ್ಥಿಗಳೇ, ಚರ್ಚೆ ಬಿಸಿಯಾದಾಗ ನಿಧಾನವಾಗಿ ನಾಲ್ಕು ಬಾರಿ ಉಸಿರಾಡಿ. ಎದುರಾಳಿ ಹೇಳಿದ್ದನ್ನು ಮೊದಲು ನಿಮ್ಮ ಮಾತಿನಲ್ಲಿ ಹೇಳಿ, ‘ನೀ ಹೇಳಿದ್ದು ಇದೇ ಹೌದಲ್ಲ?’ ಎಂದು ಕೇಳಿ. ಆಮೇಲೆ ಉತ್ತರ ಕೊಡಿ. ವಿಷಯವನ್ನು ಟೀಕಿಸಿ, ವ್ಯಕ್ತಿಯನ್ನಲ್ಲ. ಪಾಲಕರೇ, ಎದುರು ಮಾತಾಡಿದ ಮಗುವೆಲ್ಲ ಉದ್ಧಟ ಮಗುವಲ್ಲ.

ಹೊತ್ತು ಮುಳುಗುವ ಮೊದಲೇ ಸಿಟ್ಟು ಇಳಿಯಲಿ ಎಂಬ ಬುದ್ಧಿಮಾತು ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿದೆ. ನನಗೆ ತಿಂಗಳುಗಳೇ ಹಿಡಿದವು. ಪರೀಕ್ಷೆಯ ಮುಂಚೆ ಆ ಹುಡುಗನನ್ನು ಕರೆದು, ‘ತಪ್ಪು ನಂದಪ್ಪ. ಅಂದು ನೀನು ಏನು ಹೇಳಬೇಕೆಂದಿದ್ದೆ?’ ಎಂದು ಕೇಳಿದೆ.

‘ಗ್ರಹಣದಾಗ ನಮ್ಮಜ್ಜಿ ಉಪಾಸ ಇರ್ತಾಳ್ರಿ ಸರ. ಆಕಿ ಮುಂದ ನಾ ಹ್ಯಾಂಗ ಉಣ್ಣಲಿ?’ ಎಂದ.

ಅವನು ವಾದಿಸಿದ್ದು ವಿಜ್ಞಾನದ ವಿರುದ್ಧವಲ್ಲ. ಒಂದು ನಿಮಿಷ ಕಿವಿಗೊಟ್ಟಿದ್ದರೆ ಅದು ನನಗೆ ಅಂದೇ ತಿಳಿಯುತ್ತಿತ್ತು.